ಒಂದು ಗುಟುಕು ನೀರಿನ ಕಥೆ

1790ರಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಅವರಿಗೆ ಕಠಿಣ ಸಮಸ್ಯೆಯೊಂದು ಎದುರಾಯಿತು. ರೋಗಿಯೊಬ್ಬನ ನುಂಗುವ ಸ್ನಾಯುಗಳೇ ಸ್ವಾಧೀನ ತಪ್ಪಿದ್ದವು. ಹಂಟರ್ ಹಾವುಮೀನಿನ ಹಸಿ ಚರ್ಮವನ್ನು ತಿಮಿಂಗಿಲದ ಬಾಯಿಂದ ತೆಗೆದ ಬಾಗುವ ಕಡ್ಡಿಗೆ ತೊಡಿಸಿ, ಅದನ್ನು ಗಂಟಲಿನ ಮೂಲಕ ಹೊಟ್ಟೆಗೆ ಇಳಿಸಿದರು. ಮೇಲ್ತುದಿಗೆ ಕಟ್ಟಿದ ಚೀಲದಿಂದ ಆಹಾರ, ಔಷಧಗಳನ್ನು ಒಳಗೆ ಕಳುಹಿಸಿದರು. ರೋಗಿ ಮತ್ತೆ ನುಂಗುವಂತಾದ. ಈ ಪ್ರಕರಣದ ವಿವರ 1793ರಲ್ಲಿ ಅಚ್ಚಾಯಿತು.

ಅಲ್ಲಿಂದ ಕೊಳವೆಯ ರೂಪ ಬದಲಾಗುತ್ತ ಬಂತು. 1921ರಲ್ಲಿ ಅಮೆರಿಕದ ವೈದ್ಯ ಅಬ್ರಹಾಂ ಲೆವಿನ್ ಮೂಗಿನ ಮೂಲಕ ಇಳಿಸುವ ಕೊಳವೆಯನ್ನು ಪರಿಚಯಿಸಿದರು. ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ ಹೊಟ್ಟೆಗೇ ನೇರವಾಗಿ ಕೊಳವೆ ಜೋಡಿಸುವ ವಿಧಾನ 1980ರಲ್ಲಿ ಪ್ರಕಟವಾಯಿತು. ಆದರೆ ಕೊಳವೆ ಯಾರಿಗೆ ಬೇಕು ಎಂದು ಗುರುತಿಸುವುದು ಅಷ್ಟೇ ಮುಖ್ಯವಾಗಿತ್ತು.

ಪಾರ್ಶ್ವವಾಯು ಬಡಿದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗುವುದು ಕಷ್ಟವಾಗುತ್ತದೆ. ಅಚ್ಚರಿಯೆಂದರೆ, ಗಟ್ಟಿ ಗಂಜಿಗಿಂತ ತೆಳು ನೀರೇ ಹೆಚ್ಚು ಅಪಾಯಕಾರಿ. ನುಂಗುವಾಗ ಶ್ವಾಸನಾಳದ ಬಾಯಿ ಕ್ಷಣಕಾಲ ಮುಚ್ಚಿಕೊಳ್ಳಬೇಕು. ದುರ್ಬಲ ಗಂಟಲು ಮುಚ್ಚುವ ಮೊದಲೇ ನೀರು ಹರಿದುಹೋಗಿ ಶ್ವಾಸಕೋಶ ಸೇರುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಹೀಗಾಗಿ ಪಕ್ಕದಲ್ಲಿ ಕುಳಿತವರಿಗೂ ತಿಳಿಯದು.

ಇನ್ನೊಂದು ಕಡೆ ನಿರ್ಜಲೀಕರಣದ ಭಯ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೇ ಕುಗ್ಗಿರುತ್ತದೆ. ಮಾತು ನಿಂತವರು ನೀರು ಕೇಳಲಾರರು. ಒಮ್ಮೆ ನೆತ್ತಿಗೇರಿದವರು ಕುಡಿಯಲು ಹೆದರುತ್ತಾರೆ. ದೇಹದಲ್ಲಿ ನೀರು ಕಡಿಮೆಯಾದರೆ ಮಂಪರು, ಗೊಂದಲ, ಮಲಬದ್ಧತೆ, ಮೂತ್ರದ ಸೋಂಕು ಕಾಡುತ್ತವೆ. ಮನೆಯವರು ಇದನ್ನು ವಯಸ್ಸಿನ ನಿತ್ರಾಣವೆಂದೇ ಭಾವಿಸುವುದುಂಟು.

1992ರಲ್ಲಿ ಅಮೆರಿಕದ ಸಂಶೋಧಕರು ಪಾರ್ಶ್ವವಾಯು ರೋಗಿಗಳಿಗಾಗಿ ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಸುಮಾರು 90 ಮಿಲಿಲೀಟರ್ ನೀರು ಕುಡಿಸಿ, ಕೆಮ್ಮು ಬರುವುದೇ, ದನಿ ಒದ್ದೆಯಾಗುವುದೇ ಎಂದು ನೋಡುವುದಷ್ಟೇ ಅದರ ಕ್ರಮ. ಬಾಯಿಗೆ ಏನನ್ನಾದರೂ ಕೊಡುವ ಮೊದಲು ತರಬೇತಿ ಪಡೆದವರು ನುಂಗುವಿಕೆಯನ್ನು ಪರೀಕ್ಷಿಸಬೇಕೆಂಬುದು ಇಂದಿನ ಚಿಕಿತ್ಸಾ ನಿಯಮ. ಪರೀಕ್ಷೆಯಲ್ಲಿ ತೊಂದರೆ ಕಂಡವರಿಗೆ ನೀರನ್ನು ಮಂದಗೊಳಿಸಿ ಕೊಡುವ ರೂಢಿಯಿದೆ. ಅದು ರುಚಿಸದೆ ಕಡಿಮೆ ಕುಡಿಯುವವರೇ ಹೆಚ್ಚು. ಆದ್ದರಿಂದ ದಿನಕ್ಕೆ ಎಷ್ಟು ಒಳಗೆ ಹೋಯಿತೆಂದು ಲೆಕ್ಕ ಇಡುವುದು ಅಗತ್ಯ.

ಲಕ್ವ ಹೊಡೆದು ಮಲಗಿದ ಹಿರಿಯರ ಬಾಯಿಗೆ ತಕ್ಷಣ ನೀರು ಬಿಡುವುದು ನಮ್ಮ ಮನೆಗಳ ಅಕ್ಕರೆಯ ರೂಢಿ. ಆ ಅಕ್ಕರೆ ಉಳಿಯಲಿ. ಆದರೆ ಮೊದಲು ಆಸ್ಪತ್ರೆ, ಗಂಟಲಿನ ಪರೀಕ್ಷೆ; ಆಮೇಲೆ ನೀರು.