ಗಡಿಯಾಚೆಯ ಅನಾಥರು: ಧಾತು ಸಂವತ್ಸರದ ಬರ, ಮಿಶನ್ ಅನಾಥಾಲಯಗಳು ಮತ್ತು ಕೊಪ್ಪಳ ಸೀಮೆ

1876-78ರ ಬರದಲ್ಲಿ ತಂದೆತಾಯಿ ಕಳೆದುಕೊಂಡ ಕನ್ನಡ ಮಕ್ಕಳನ್ನು ಸಾಕಿದ ಸಂಸ್ಥೆಗಳ ಪಟ್ಟಿ ಮಾಡಿದರೆ ಕ್ರೈಸ್ತ ಮಿಶನ್‌ಗಳ ಹೆಸರೇ ಮೊದಲು ಬರುತ್ತದೆ. ಕೋಲಾರದಲ್ಲಿ ಮಿಸ್ ಆ್ಯನ್‌ಸ್ಟಿ ನೂರಾರು ಮಕ್ಕಳನ್ನು ಕೂಡಿಸಿಕೊಂಡರು; ಆ ಕೆಲಸ 1890ರಲ್ಲಿ ಅಮೆರಿಕನ್ ಮೆಥೋಡಿಸ್ಟರ ಕೈಸೇರಿತು. ವೆಸ್ಲಿಯನ್ನರು ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ತೆರೆದರು. ಇವು ವಿವಾದವಿಲ್ಲದ ಸಂಗತಿಗಳು. ಆದರೆ ಬರದ ನಡುಮಧ್ಯದಲ್ಲೇ ಇದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹೆಸರು ಈ ಪಟ್ಟಿಯಲ್ಲಿ ಬರುವುದಿಲ್ಲ. ಈ ಗೈರುಹಾಜರಿಗೆ ಸಾಮಾನ್ಯವಾಗಿ ಕೊಡುವ ಕಾರಣ ಒಪ್ಪತಕ್ಕದ್ದಲ್ಲ ಎಂಬುದು ಈ ಲೇಖನದ ವಾದ.

ಈ ಸೀಮೆಯ ಪಕ್ಕದಲ್ಲೇ ಠಾಣ್ಯಗಳಿದ್ದ ಬಾಸೆಲ್ ಮಿಶನ್ನಿನ ಬಗ್ಗೆ ಕನ್ನಡದಲ್ಲಿ ಬರಹಕ್ಕೆ ಕೊರತೆಯಿಲ್ಲ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಮೊದಲುಗೊಂಡು ನಮ್ಮ ಗಮನ ಮುದ್ರಣ, ನಿಘಂಟು, ಪಠ್ಯಪುಸ್ತಕ, ಪತ್ರಿಕೆಗಳ ಮೇಲೆಯೇ ನೆಟ್ಟಿದೆ. ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳ ಬಗೆಗೂ ಬರಹಗಳುಂಟು. ಅನಾಥಾಲಯ ಮಾತ್ರ ಇವೆರಡರ ನಡುವಿನ ಅಡಿಟಿಪ್ಪಣಿಯಾಗಿ ಉಳಿದಿದೆ. ನಿಘಂಟು ಮಾಡಿದವರನ್ನು ನೆನೆಯುವಷ್ಟು ಗಂಜಿ ಬಡಿಸಿದವರನ್ನು ನಾವು ನೆನೆಯುವುದಿಲ್ಲ. ಗಂಜಿ ಉಂಡವರನ್ನಂತೂ ಇಲ್ಲವೇ ಇಲ್ಲ.

ಈಗ ತಕರಾರಿನ ಅಂಶಕ್ಕೆ ಬರೋಣ. ಈ ನಾಲ್ಕೂ ಊರುಗಳಿದ್ದ ನಿಜಾಮನ ಸೀಮೆಯಲ್ಲಿ, ಅಂದರೆ ಹೈದರಾಬಾದ್ ಕರ್ನಾಟಕದಲ್ಲಿ, ಮಿಶನ್ ಸಂಸ್ಥೆಗಳು ವಿರಳವಾದದ್ದಕ್ಕೆ ನಿಜಾಮ ಸರ್ಕಾರದ ಪ್ರತಿಕೂಲ ಧೋರಣೆಯೇ ಕಾರಣವೆಂಬ ಮಾತು ಚಲಾವಣೆಯಲ್ಲಿದೆ. ಕೇಳಲು ಸರಳವಾದ ವಿವರಣೆ ಇದು, ಆದರೆ ಪುರಾವೆ ಇದಕ್ಕೆ ಎದುರಾಗಿದೆ. ಅದೇ ನಿಜಾಮನ ಸೀಮೆಯ ಮೆದಕ್‌ನಲ್ಲಿ ವೆಸ್ಲಿಯನ್ ಪಾದ್ರಿ ಪಾಸ್ನೆಟ್ ಬರಗಾಲದ ಕೂಲಿಗಾರರಿಗೆ ಕೆಲಸ ಕೊಟ್ಟು ಕಟ್ಟಿಸಿದ ಮಹಾದೇವಾಲಯ (ಕೆಥೆಡ್ರಲ್) 1924ರಲ್ಲಿ ಪ್ರತಿಷ್ಠೆಯಾಯಿತು. ದಿಚ್‌ಪಲ್ಲಿಯಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಎದ್ದಿತು. ಕನ್ನಡದ ನೆಲದಲ್ಲೇ ಬೀದರ್, ಕಲಬುರಗಿಗಳಲ್ಲಿ ಅಮೆರಿಕನ್ ಮೆಥೋಡಿಸ್ಟರು ನೆಲೆಯೂರಿದರು. ಪಂಡಿತಾ ರಮಾಬಾಯಿಯವರ ಉದಾಹರಣೆ ಇನ್ನೂ ಮಾರ್ಮಿಕ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಈಕೆ ಎಪ್ಪತ್ತರ ದಶಕದ ಕ್ಷಾಮದಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು. ಮುಂದೆ 1896-97 ಮತ್ತು 1900ರ ಬರಗಳಲ್ಲಿ ಅನಾಥ ಹುಡುಗಿಯರನ್ನು ಕೆಡಗಾಂವದ ಮುಕ್ತಿ ಸದನಕ್ಕೆ ತಂದು ಸಾಕಿದರು. ಅವರ ಸಂಸ್ಥೆಯ ಶಾಲೆಯೊಂದು, ಮಗಳು ಮನೋರಮಾಬಾಯಿಯ ಉಸ್ತುವಾರಿಯಲ್ಲಿ, ನಡೆದದ್ದು ನಿಜಾಮನ ಕಲಬುರಗಿಯಲ್ಲಿ. ಬಾಗಿಲು ಮುಚ್ಚಿದ್ದ ರಾಜ್ಯದಲ್ಲಿ ಇಷ್ಟೆಲ್ಲ ನಡೆಯುವುದು ಸಾಧ್ಯವಿತ್ತೇ? ಮುದಗಲ್ಲನ್ನು ಕೂಡ ಮರೆಯಬಾರದು: ಕುಷ್ಟಗಿಗೆ ಸಮೀಪದ ಈ ಕೋಟೆಯೂರಿನಲ್ಲಿ ಕ್ಯಾಥೊಲಿಕ್ ಸಮುದಾಯ ಆದಿಲಶಾಹಿಗಳ ಕಾಲದಿಂದ ಬಾಳಿಕೊಂಡು ಬಂದಿದೆ.

ಮೇಲಿನ ಪ್ರೊಟೆಸ್ಟೆಂಟ್ ಉದಾಹರಣೆಗಳೆಲ್ಲ ಬರದ ನಂತರದವು, 1876ರ ಸ್ಥಿತಿ ಬೇರೆಯಿತ್ತು ಎಂದು ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಬರದ ವರ್ಷಗಳ ನಕ್ಷೆಯನ್ನೇ ನೋಡಬೇಕು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ತಲುಪಿತು. ಎಲ್ಲವೂ ಕಂಪನಿ ಆಡಳಿತದ ನೆಲ. ತುಂಗಭದ್ರೆಯ ಆಚೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ 1810ರಿಂದಲೇ ಇತ್ತು. ಅದೂ ಕಂಪನಿಯ ನೆಲವೇ. ಬೆಟಗೇರಿಯಿಂದ ಯಲಬುರ್ಗಾ ನೇರ ರೇಖೆಯಲ್ಲಿ ಸುಮಾರು 45 ಕಿಲೋಮೀಟರ್. ಗುಳೇದಗುಡ್ಡದಿಂದ ಕುಷ್ಟಗಿ 55ರ ಆಸುಪಾಸು. ಮೂರು ಕಡೆಯಿಂದ ಮಿಶನ್ ಠಾಣ್ಯಗಳು ಸುತ್ತುವರಿದಿದ್ದ ಸೀಮೆ ಇದು. ಆದರೂ ನಿಜಾಮನ ಗಡಿಯೊಳಗೆ ಒಂದೂ ಠಾಣ್ಯ ಹುಟ್ಟಲಿಲ್ಲ.

ಈ ಗಡಿಯೊಳಗೂ ಆಡಳಿತ ಒಂದೇ ಆಗಿರಲಿಲ್ಲ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿ, ಕುಷ್ಟಗಿಗಳು ನೇರ ದಿವಾನಿ ಆಡಳಿತದ ಲಿಂಗಸೂಗೂರು ಜಿಲ್ಲೆಗೆ ಸೇರಿದ್ದವು. 1905ರಲ್ಲಿ ಆ ಜಿಲ್ಲೆ ರದ್ದಾಗಿ ಅದರ ಹೆಚ್ಚಿನ ಭಾಗ ರಾಯಚೂರಿನಲ್ಲಿ ಲೀನವಾಯಿತು. ಎರಡು ಬಗೆಯ ಆಡಳಿತದಲ್ಲೂ ಫಲ ಒಂದೇ ಆದ್ದರಿಂದ ಜಹಗೀರುದಾರನೊಬ್ಬನ ಇಷ್ಟಾನಿಷ್ಟವನ್ನೂ ಕಾರಣವಾಗಿ ಹೇಳಲಾಗದು.

ಹಾಗಾದರೆ ಅನಾಥಾಲಯ ಎಲ್ಲಿ ಹುಟ್ಟಿತು? ಕೋಲಾರ, ತುಮಕೂರು, ಹಾಸನಗಳು ಮೈಸೂರು ಸಂಸ್ಥಾನದ ಊರುಗಳು. ಆದರೆ 1831ರಿಂದ 1881ರವರೆಗೆ ಮೈಸೂರನ್ನು ಆಳಿದ್ದು ಬ್ರಿಟಿಷ್ ಕಮಿಷನರುಗಳು. ಅಂದರೆ ಬರದ ಕಾಲದಲ್ಲಿ ಗಂಜಿಕೇಂದ್ರ, ಪರಿಹಾರ ಕಾಮಗಾರಿ, ವಾರಸುದಾರರಿಲ್ಲದ ಮಕ್ಕಳ ವಿಲೇವಾರಿ ಎಲ್ಲವೂ ಬ್ರಿಟಿಷ್ ಅಧಿಕಾರಿಯ ಕೈಯಲ್ಲಿದ್ದವು. 1877ರಲ್ಲಿ ಲಂಡನ್ನಿನಲ್ಲಿ ಕೂಡಿದ ಮ್ಯಾನ್ಷನ್ ಹೌಸ್ ನಿಧಿಯನ್ನು ಮದ್ರಾಸಿನ ಸಮಿತಿ ಹಂಚಿತು. ನಿರ್ಗತಿಕ ಮಕ್ಕಳನ್ನು ಅನಾಥಾಲಯಗಳಲ್ಲಿ ಪೋಷಿಸುವುದು ಆ ನಿಧಿಯ ಘೋಷಿತ ಉದ್ದೇಶಗಳಲ್ಲೊಂದು. ನನ್ನ ಪ್ರತಿಪಾದನೆ ಇಷ್ಟು: ಮಗುವನ್ನು ಒಪ್ಪಿಸುವ ಅಧಿಕಾರಿ, ಅದರ ಖರ್ಚಿಗೆ ಒದಗುವ ಹಣ, ಮೊದಲೇ ಬೇರುಬಿಟ್ಟ ಮಿಶನ್ ಠಾಣ್ಯ, ಈ ಮೂರೂ ಕೂಡಿದ ಕಡೆ ಅನಾಥಾಲಯ ಹುಟ್ಟಿತು. ಕೊಪ್ಪಳ ಸೀಮೆಯಲ್ಲಿ ಅವು ಕೂಡಲಿಲ್ಲ. ಅದನ್ನು ನಿರ್ಧರಿಸಿದ್ದು ಧರ್ಮದ ಗಡಿಯಲ್ಲ, ಪರಿಹಾರದ ಆಡಳಿತದ ಗಡಿ.

ಇದನ್ನು ಹಿಗ್ಗಿಸಿ ಹೇಳಬಾರದು. ನಿಧಿಯ ಮಾತು ಮುಖ್ಯವಾಗಿ ಮದ್ರಾಸ್ ಮತ್ತು ಮೈಸೂರಿಗೆ ಅನ್ವಯಿಸುತ್ತದೆ. ಧಾರವಾಡ, ಕಲಾದಗಿಗಳು ಮುಂಬಯಿ ಇಲಾಖೆಯವು, ಅಲ್ಲಿಯ ಹಣದ ದಾರಿ ಬೇರೆ. ಹೈದರಾಬಾದಿನಲ್ಲಿ ಪರಿಹಾರವೇ ಇರಲಿಲ್ಲ ಎಂದೂ ನಾನು ಹೇಳುತ್ತಿಲ್ಲ. ಅಲ್ಲದೆ ಮೂರು ಅಂಶಗಳಲ್ಲಿ ಯಾವುದು ನಿರ್ಣಾಯಕವೆಂದು ಇಷ್ಟೇ ಆಧಾರದಿಂದ ತೂಗಲಾಗದು. ಠಾಣ್ಯವೊಂದು ಇದ್ದಿದ್ದರೆ ಉಳಿದೆರಡನ್ನು ಅದೇ ದೊರಕಿಸಿಕೊಳ್ಳುತ್ತಿತ್ತು ಎಂಬ ವಾದಕ್ಕೂ ಜಾಗವಿದೆ.

ಅನಾಥಾಲಯವೆಂದರೆ ಮತಾಂತರದ ಬಲೆ ಎಂಬ ಹಳೆಯ ಆರೋಪವೂ ಇಲ್ಲಿ ಎದುರಾಗುತ್ತದೆ. ತೆಲುಗು ಸೀಮೆಯ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಕ್ಲೌ ಬರದ ಪರಿಹಾರ ನಡೆಯುತ್ತಿದ್ದಾಗ ದೀಕ್ಷಾಸ್ನಾನ ನಿಲ್ಲಿಸಿ, ಅದು ಮುಗಿದ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ಕೊಡಿಸಿದ್ದನ್ನು ಸಮರ್ಥಕರು ಉದ್ಧರಿಸುತ್ತಾರೆ. ಅಲ್ಲಿ ಬಂದವರು ತಾವೇ ಕೇಳಿ ಬಂದವರು. ಕೋಲಾರದ ಮಗುವಿಗೆ ಕೇಳುವ ವಯಸ್ಸೂ ಇರಲಿಲ್ಲ, ಕೇಳಲು ಹಿರಿಯರೂ ಇರಲಿಲ್ಲ. ಒಂಗೋಲಿನ ಸಮರ್ಥನೆಯನ್ನು ಅನಾಥಾಲಯಕ್ಕೆ ಎರವಲು ತರುವುದು ತಪ್ಪೆಂದೇ ನನ್ನ ಅಭಿಪ್ರಾಯ. ಮಕ್ಕಳನ್ನು ಮೊದಲು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ 1901ರ ಕ್ಷಾಮ ಆಯೋಗದ ಮುಂದೆ ಬಂದಾಗ ಲಾಲಾ ಲಜಪತರಾಯರು ಸಾಕ್ಷ್ಯ ನುಡಿದದ್ದು ಈ ಕಾರಣಕ್ಕೇ. ಆದರೆ 1877ರಲ್ಲಿ ಉತ್ತರ ಕರ್ನಾಟಕದ ಅಧಿಕಾರಿಯ ಮುಂದೆ ಬೇರೆ ಆಯ್ಕೆ ಎಷ್ಟಿತ್ತು? ಮಠಗಳ ದಾಸೋಹ ಹಸಿದವರಿಗೆ ಅನ್ನ ಇಕ್ಕಿತು. ಮಕ್ಕಳನ್ನು ವರ್ಷಗಟ್ಟಲೆ ಇಟ್ಟು ಓದಿಸುವ ಏರ್ಪಾಡು ಬಂದದ್ದು ಒಂದು ತಲೆಮಾರಿನ ನಂತರ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ಗದುಗಿನಲ್ಲಿ ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಬೆಟಗೇರಿಯ ಮಿಶನ್ನಿಗೆ ನೆರೆಯದೇ. ಕೊಪ್ಪಳದ ಗವಿಮಠದ ಉಚಿತ ಪ್ರಸಾದ ನಿಲಯ ಇಂದು ಮಾಡುತ್ತಿರುವುದೂ ಅದೇ ಪರಂಪರೆಯ ಕೆಲಸ. 

ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಗಡಿ ಕಾಗದದ ಮೇಲಿತ್ತು, ಹಸಿದವರ ಕಾಲಿಗೆ ಅದು ಅಡ್ಡವಾಗಿರಲಿಲ್ಲ. ಗುಳೆ ಹೋಗುವುದು ಈ ಸೀಮೆಗೆ ಹೊಸದಲ್ಲ. ಯಲಬುರ್ಗಾದಿಂದ ಎರಡು ದಿನ ನಡೆದರೆ ಬೆಟಗೇರಿ. ದಾರಿಯಲ್ಲಿ ತಾಯಿ ಸತ್ತ ಮಗು ಧಾರವಾಡ ಜಿಲ್ಲೆಯ ಅನಾಥವೆಂದು ಎಣಿಕೆಯಾಗಿರುವ ಸಂಭವ ಕಡಿಮೆಯೇನಲ್ಲ. ಹಾಗಿದ್ದಲ್ಲಿ ಕೊಪ್ಪಳ ಸೀಮೆಯಲ್ಲಿ ಅನಾಥಾಲಯ ಇರಲಿಲ್ಲ ಎಂಬುದು ನಿಜವಾದರೂ, ಅನಾಥಾಲಯಗಳಲ್ಲಿ ಕೊಪ್ಪಳ ಸೀಮೆಯ ಮಕ್ಕಳು ಇರಲಿಲ್ಲ ಎಂಬುದು ಸುಳ್ಳಾದೀತು. ಜನಗಣತಿ ಇಲ್ಲಿ ನೆರವಿಗೆ ಬರುವುದಿಲ್ಲ. ಮೈಸೂರಿನ ಜನಸಂಖ್ಯೆ 1871ರಲ್ಲಿದ್ದ 50.55 ಲಕ್ಷದಿಂದ 1881ಕ್ಕೆ 41.86 ಲಕ್ಷಕ್ಕೆ ಇಳಿದದ್ದು ಗೊತ್ತಾಗುತ್ತದೆ. ಕಲಾದಗಿ ಜಿಲ್ಲೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ಹೈದರಾಬಾದಿನ ಮೊದಲ ಜನಗಣತಿಯೇ 1881ರದು. ಈ ನಾಲ್ಕು ತಾಲ್ಲೂಕುಗಳು ಎಷ್ಟು ಜನರನ್ನು ಕಳೆದುಕೊಂಡವು ಎಂದು ಹೋಲಿಸಿ ನೋಡಲು ಹಿಂದಿನ ಅಂಕಿಯಿಲ್ಲ.

ಉಳಿದಿರುವ ದಾರಿ ಕಾಗದಪತ್ರಗಳದು: ಬಾಸೆಲ್ ನಗರದ ಮಿಶನ್ ದಫ್ತರ, ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ, ಸಾಲಾರ್ ಜಂಗ್ ಜಹಗೀರಿಗೆ ಸಂಬಂಧಿಸಿದ ಹೈದರಾಬಾದಿನ ಉರ್ದು, ಫಾರಸಿ ಕಡತಗಳು. ಬೆಟಗೇರಿ, ಗುಳೇದಗುಡ್ಡ ಸಭೆಗಳ ಹಳೆಯ ದೀಕ್ಷಾಸ್ನಾನ ಪುಸ್ತಕಗಳಲ್ಲಿ ಮಕ್ಕಳ ಹುಟ್ಟೂರು ನಮೂದಾಗಿರುವ ಕಡೆ ಅದನ್ನು ತಾಲ್ಲೂಕುವಾರು ಎಣಿಸಿದರೆ ಮೇಲಿನ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ಅಂಥ ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿರುವ ಸಭೆಗಳು ಅವು ಹುಳ ಹಿಡಿಯುವ ಮೊದಲು ಪ್ರತಿ ಮಾಡಿಸಬೇಕು, ಸಂಶೋಧಕರಿಗೆ ತೆರೆದಿಡಬೇಕು.