ಪ್ರಸೂತಿ ವಿದ್ಯೆಗೊಂದು ಸ್ವತಂತ್ರ ಪೀಠ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಹೆರಿಗೆಯ ಚಿಕಿತ್ಸೆಗೂ ಸ್ತ್ರೀರೋಗಗಳ ಶಸ್ತ್ರಚಿಕಿತ್ಸೆಗೂ ಒಂದೇ ಆಶ್ರಯವಿರಲಿಲ್ಲ. ವೈದ್ಯರ ಹಾಗೂ ಶಸ್ತ್ರವೈದ್ಯರ ಹಳೆಯ ರಾಯಲ್ ಕಾಲೇಜುಗಳೆರಡರ ನಡುವೆ ಈ ವಿದ್ಯೆ ಹಂಚಿಹೋಗಿದ್ದಿತು. 1920ರ ದಶಕದಲ್ಲಿ ಅಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು 4 ಮಂದಿ ತಾಯಂದಿರು ಮರಣ ಹೊಂದುತ್ತಿದ್ದರು. ಇಂತಹ ಸ್ಥಿತಿಯಲ್ಲಿ ವಿಲಿಯಂ ಬ್ಲೇರ್-ಬೆಲ್ ಮತ್ತು ವಿಲಿಯಂ ಫ್ಲೆಚರ್ ಷಾ ಅವರು, ಹಳೆಯ ಕಾಲೇಜುಗಳ ವಿರೋಧವನ್ನೆದುರಿಸಿ, 1929ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಬ್ರಿಟಿಷ್ ಕಾಲೇಜನ್ನು ಸ್ಥಾಪಿಸಿದರು. 1938ರಲ್ಲಿ ಅದಕ್ಕೂ 'ರಾಯಲ್' ಎಂಬ ಬಿರುದು ಪ್ರಾಪ್ತವಾಯಿತು. ಸದಸ್ಯತ್ವವನ್ನು ಬಯಸಿದವರು ಆಸ್ಪತ್ರೆಗಳಲ್ಲಿ ದುಡಿದು, ತಾವೇ ಕಂಡ ರೋಗಿಗಳ ವೃತ್ತಾಂತಗಳನ್ನು ಬರೆದೊಪ್ಪಿಸಿ, ಪರೀಕ್ಷೆಗೆ ಕೂರಬೇಕಾಗಿದ್ದಿತು.

ತಾಯಂದಿರ ಮರಣ ಇಳಿದದ್ದು ಈ ಶಿಕ್ಷಣವೊಂದರಿಂದಲೇ ಎನ್ನಲು ನಾವು ಹಿಂಜರಿಯುತ್ತೇವೆ. ಕಾಲೇಜು ಹುಟ್ಟಿದ ಮೇಲೂ ಕೆಲವು ವರ್ಷ ಆ ಸಂಖ್ಯೆ ಕದಲಲಿಲ್ಲ. 1930ರ ದಶಕದ ನಡುಭಾಗದಿಂದ ಸಲ್ಫಾ ಔಷಧಗಳು, ಮುಂದೆ ಪೆನಿಸಿಲಿನ್, ರಕ್ತ ನೀಡುವ ವ್ಯವಸ್ಥೆ ಇವು ಬಂದಂತೆ ಅದು ವೇಗವಾಗಿ ಇಳಿಯಿತು. ಆದರೆ ಔಷಧವನ್ನು ಯಾವ ಗಳಿಗೆಯಲ್ಲಿ ಕೊಡಬೇಕು, ರಕ್ತವನ್ನು ಯಾವಾಗ ತರಿಸಬೇಕು ಎಂಬ ವಿವೇಕ ಸೀಸೆಯಲ್ಲಿ ಬರುವಂತಹುದಲ್ಲ. 1952ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಗೋಪ್ಯ ವಿಚಾರಣೆಗೆ ಒಳಪಡಿಸುವ ಪದ್ಧತಿ ಆರಂಭವಾಯಿತು. ತನ್ನ ತಪ್ಪನ್ನು ತಾನೇ ಓದಿಕೊಳ್ಳುವ ಈ ಅಭ್ಯಾಸವೇ ತಜ್ಞಶಿಕ್ಷಣದ ಸಾರವೆಂದು ನಾವು ಭಾವಿಸುತ್ತೇವೆ.