ಚಕ್ರ ಹೊರುವ ಲೋಹ: ಎಷ್ಟು ಹಗುರ, ಎಷ್ಟು ಗಟ್ಟಿ?

ಓಟದ ಕಾರು ಎಂದೊಡನೆ ನಮಗೆ ನೆನಪಾಗುವುದು ಅದರ ಎಂಜಿನ್. ಆದರೆ ತಿರುವಿನಲ್ಲಿ ಕಾರು ರಸ್ತೆಯನ್ನು ಹಿಡಿದು ಸಾಗಲು ಚಕ್ರದ ಒಳಬದಿಯಲ್ಲಿ ಅಡಗಿರುವ ಲೋಹದ ತುಂಡೊಂದು ಬಹುಮುಖ್ಯ. ಅದೇ ಅಪ್‌ರೈಟ್. ಚಕ್ರದ ಬೇರಿಂಗ್, ಬ್ರೇಕ್, ಸಸ್ಪೆನ್ಷನ್ನಿನ ತೋಳುಗಳು ಎಲ್ಲವೂ ಕೂಡುವ ಜಾಗ ಅದು.

ಅಪ್‌ರೈಟ್ ಭಾರವಾದಷ್ಟೂ ಉಬ್ಬುತಗ್ಗುಗಳಲ್ಲಿ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಅದು ಹಗುರವಾಗಿರಬೇಕು. ಆದರೆ ಟೈರಿನ ಮೇಲೆ ಬೀಳುವ ಬಲವೆಲ್ಲ ಅದರ ಮೂಲಕವೇ ಹಾದುಹೋಗುವುದರಿಂದ ಬಾಗದಷ್ಟು ಗಟ್ಟಿಯಾಗಿಯೂ ಇರಬೇಕು. ವಿನ್ಯಾಸಕಾರನ ಕಷ್ಟವೆಲ್ಲ ಇಲ್ಲಿದೆ.

ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1952ರಲ್ಲಿ ಲೋಟಸ್ ಸಂಸ್ಥೆಯನ್ನು ಆರಂಭಿಸಿದಾಗ ಹಗುರತನವನ್ನೇ ಮಂತ್ರವಾಗಿಸಿಕೊಂಡರು. ರಸ್ತೆಯ ಕಾರುಗಳಿಗೆ ಸಿದ್ಧ ಭಾಗಗಳೇ ಸಾಕಾಗುತ್ತಿದ್ದವು. 1962ರ ಲೋಟಸ್ ಎಲಾನ್ ಕಾರಿನ ಮುಂದಿನ ಅಪ್‌ರೈಟುಗಳು ಟ್ರಯಂಫ್ ಹೆರಾಲ್ಡ್ ಬಳಗದವು. ಮದರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೂ ಇದೇ ಬಳಗದ್ದು. ಆದರೆ ಕೊಂಡು ತಂದ ಅಪ್‌ರೈಟಿನಲ್ಲಿ ತೋಳುಗಳು ಕೂಡುವ ಬಿಂದುಗಳನ್ನು ಬೇರೆಯವರು ಮೊದಲೇ ನಿಗದಿ ಮಾಡಿರುತ್ತಾರೆ. ಚಕ್ರ ಯಾವ ಕೋನದಲ್ಲಿ ವಾಲಬೇಕೆಂಬುದನ್ನು ತಾವೇ ತೀರ್ಮಾನಿಸಲು ಓಟದ ಕಾರುಗಳ ತಯಾರಕರು ಸ್ವಂತ ಅಪ್‌ರೈಟುಗಳನ್ನು ಹಗುರವಾದ ಮೆಗ್ನೀಷಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ಯತೊಡಗಿದರು.

ಹಗುರತನಕ್ಕೆ ಬೆಲೆಯೂ ಇತ್ತು. 1960ರಲ್ಲಿ ಸ್ಟರ್ಲಿಂಗ್ ಮಾಸ್ ಲೋಟಸ್ 18 ಕಾರಿನಲ್ಲಿ ಮೊನಾಕೊ ಸ್ಪರ್ಧೆ ಗೆದ್ದರು. ಮುಂದಿನ ತಿಂಗಳೊಳಗೇ, ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸದ ವೇಳೆ ಅದೇ ಮಾದರಿಯ ಕಾರಿನ ಹಿಂದಿನ ಚಕ್ರ ಕಳಚಿ ಅವರ ಎರಡೂ ಕಾಲುಗಳು ಮುರಿದವು. 1970ರ ಲೋಟಸ್ 72ರಲ್ಲಿ ಚಕ್ರದ ಬಳಿಯ ಭಾರ ಇಳಿಸಲೆಂದು ಮುಂದಿನ ಬ್ರೇಕುಗಳನ್ನು ಅಪ್‌ರೈಟಿನಿಂದ ತೆಗೆದು ಕಾರಿನ ಒಡಲಿಗೆ ಸರಿಸಿ, ಶಾಫ್ಟುಗಳ ಮೂಲಕ ಚಕ್ರಕ್ಕೆ ಜೋಡಿಸಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಅಂಥ ಒಂದು ಶಾಫ್ಟ್ ಮುರಿಯಿತು. ಕಾರು ತಡೆಬೇಲಿಗೆ ಬಡಿದು ಯೋಹೆನ್ ರಿಂಟ್ ಮೃತಪಟ್ಟರು. ತಡೆಬೇಲಿಯ ಲೋಪವೂ ಆ ಸಾವಿಗೆ ಕಾರಣವೆಂದು ತನಿಖೆ ಹೇಳಿತು. ಆ ವರ್ಷದ ವಿಶ್ವ ಚಾಂಪಿಯನ್ ಪದವಿ ಅವರಿಗೆ ಮರಣೋತ್ತರವಾಗಿ ಸಂದಿತು.

ಒಮ್ಮೆ ಹೊತ್ತ ಭಾರವನ್ನು ಲೋಹ ಸಾವಿರ ಸಲವೂ ಹೊರುತ್ತದೆಂಬ ಭರವಸೆಯಿಲ್ಲ. ಮರಳಿ ಮರಳಿ ಬೀಳುವ ಹೊರೆಗೆ ಅದು ದಣಿಯುತ್ತದೆ; ಕಣ್ಣಿಗೆ ಕಾಣದ ಬಿರುಕು ಮೆಲ್ಲಗೆ ಬೆಳೆಯುತ್ತದೆ. ಇಂದು ಬಲ ಎಲ್ಲಿ ಹರಿಯುತ್ತದೆ ಎಂಬುದನ್ನು ಕಂಪ್ಯೂಟರ್ ಬಣ್ಣಗಳಲ್ಲಿ ತೋರಿಸುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಸ್ಪರ್ಧೆಗಳಿಗಾಗಿ ಸ್ವತಃ ಅಪ್‌ರೈಟುಗಳನ್ನು ವಿನ್ಯಾಸಗೊಳಿಸುತ್ತಾರೆ. ಎಲ್ಲಿ ಲೋಹವನ್ನು ಕಡಿಯಬಹುದು ಎಂದು ಕೇಳುವ ಮೊದಲು, ಎಲ್ಲಿ ಕಡಿಯಬಾರದು ಎಂದು ಅವರು ಕೇಳಿಕೊಳ್ಳಬೇಕು. ಆ ಚಕ್ರವನ್ನು ನಂಬಿ ಒಂದು ಜೀವ ಕುಳಿತಿರುತ್ತದೆ.